ತಂಬೂರಿ ಮಾಯ, ಗುಂಯ್ ಮಾತ್ರ ಉಳೀತು!

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಮಾತು: ‘ಸೌಂಡ್ ಕಾರ್ಡ್ ಕೆಟ್ಟಿದೆ, ಹೊಸದು ಯಾವುದು ತಗೊಳ್ಳಲಿ?’ (ಸೌಂಡ್ ಕಾರ್ಡ್ ಅಂದರೆ ದನಿಯನ್ನು ಅಳೆದು ಕಂಪ್ಯೂಟರಿಗೆ ಕೊಡುವ ಭಾಗ.) ಓದುತ್ತಾ ಹೋದರೆ ಕಾರ್ಡ್ ಕೆಟ್ಟಿರುವುದು ಒಬ್ಬರದ್ದೂ ಅಲ್ಲ ಅನ್ನಿಸಿತು. ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ.

ಪ್ರಶ್ನೆ: ಮಗಳು ಸಂಗೀತ ಕಲಿಯುತ್ತಿದ್ದಾಳೆ. ಎಲೆಕ್ಟ್ರಾನಿಕ್ ತಂಬೂರಿ ಪಕ್ಕದಲ್ಲಿಟ್ಟು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡುತ್ತೇವೆ. ಮೊದಲ ಎರಡು ಮೂರು ಸೆಕೆಂಡು ತಂಬೂರಿ ಚೆನ್ನಾಗಿ ಕೇಳುತ್ತದೆ, ಆಮೇಲೆ ಮಾಯ. ಅವಳು ಹಾಡಿದಾಗ ಅಷ್ಟಿಷ್ಟು ಬರುತ್ತದೆ, ನಿಲ್ಲಿಸಿದರೆ ಮತ್ತೆ ಇಲ್ಲ. ತಂಬೂರಿ ಪೆಟ್ಟಿಗೆಯನ್ನು ಎರಡು ಸಲ ರಿಪೇರಿಗೆ ಕೊಟ್ಟಿದ್ದೂ ಆಯ್ತು. (ಓದುಗರು, ಅರಕಲಗೂಡು)

ಉತ್ತರ: ಪಾಪ, ಪೆಟ್ಟಿಗೆಯದ್ದೇನೂ ತಪ್ಪಿಲ್ಲ ಮೇಡಂ. ಸಂಗೀತಗಾರರ ಊರು ರುದ್ರಪಟ್ಟಣ ಇರುವ ತಾಲ್ಲೂಕಿನ ಮನೆಯಲ್ಲೇ ಶ್ರುತಿ ಕಾಣೆಯಾದರೆ ಹೇಗೆ ಹೇಳಿ!

ಇದು ಲ್ಯಾಪ್‌ಟಾಪ್ ಮಾಡುತ್ತಿರುವ ‘ಉಪಕಾರ’. ಈಗಿನ ಲ್ಯಾಪ್‌ಟಾಪುಗಳನ್ನು ಮೀಟಿಂಗಿಗೆ, ಆನ್‌ಲೈನ್ ಕ್ಲಾಸಿಗೆ ಅಂತ ತಯಾರು ಮಾಡಿರುತ್ತಾರೆ. ಮಾತಾಡುವವರ ದನಿ ಏರುತ್ತದೆ, ಇಳಿಯುತ್ತದೆ, ನಡುವೆ ನಿಲ್ಲುತ್ತದೆ. ಫ್ಯಾನಿನ ಸದ್ದು ಮಾತ್ರ ಒಂದೇ ಸಮ ಇರುತ್ತದೆ. ಹಾಗಾಗಿ ಯಾವ ಸದ್ದು ಬದಲಾಗದೆ ಒಂದೇ ಸಮ ಬರುತ್ತಿದೆಯೋ ಅದು ಗಲಾಟೆ, ಅದನ್ನು ಅಳಿಸು ಅಂತ ಅದಕ್ಕೆ ಹೇಳಿಕೊಟ್ಟಿದ್ದಾರೆ. ಇದಕ್ಕೆ ನಾಯ್ಸ್ ಸಪ್ರೆಷನ್ ಅನ್ನುತ್ತಾರೆ. ಈಗ ಯೋಚಿಸಿ, ಬದಲಾಗದೆ ಒಂದೇ ಸಮ ಇರುವುದೇ ತಂಬೂರಿಯ ಕೆಲಸ ಅಲ್ವಾ? ಎರಡು ಮೂರು ಸೆಕೆಂಡು ಕೇಳಿಸಿಕೊಂಡು, ಓ ಇದು ಫ್ಯಾನು ಅಂತ ತೀರ್ಮಾನ ಮಾಡಿ ಲ್ಯಾಪ್‌ಟಾಪ್ ಅದನ್ನು ಒರೆಸಿ ಹಾಕುತ್ತದೆ.

ನಾನು ಹೇಳಿದ್ದು ನಿಜವೋ ಸುಳ್ಳೋ ನೀವೇ ನೋಡಿ. ಮಗಳು ಸುಮ್ನೆ ಕೂತಿರಲಿ, ತಂಬೂರಿ ಒಂದನ್ನೇ ಹಾಕಿ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಇಪ್ಪತ್ತು ಸೆಕೆಂಡು ರೆಕಾರ್ಡ್ ಮಾಡಿ. ಪರದೆಯ ಮೇಲೆ ಮೊದಲು ಹಗ್ಗದಷ್ಟು ದಪ್ಪ ಇದ್ದ ಗೆರೆ ನೋಡನೋಡುತ್ತ ನೂಲಿನಷ್ಟು ಸಣ್ಣಗಾದರೆ ಕಳ್ಳ ಸಿಕ್ಕ ಹಾಗೆಯೇ.

ವಿಂಡೋಸ್ 11 ಆದರೆ ಸೆಟ್ಟಿಂಗ್ಸ್, ಅಲ್ಲಿ ಸಿಸ್ಟಮ್, ಸೌಂಡ್, ಆಮೇಲೆ ಇನ್‌ಪುಟ್ ಕೆಳಗೆ ನಿಮ್ಮ ಮೈಕಿನ ಹೆಸರು ಒತ್ತಿ. ‘ಆಡಿಯೋ ಎನ್‌ಹಾನ್ಸ್‌ಮೆಂಟ್ಸ್’ ಅಂತ ಇರುತ್ತದೆ, ಆಫ್ ಮಾಡಿ. ಅಷ್ಟಕ್ಕೇ ಮುಗಿಯದೆ ಇರಬಹುದು. ಲ್ಯಾಪ್‌ಟಾಪ್ ಕಂಪನಿಯವರು ತಮ್ಮದೇ ಒಂದು ಆಡಿಯೋ ಆ್ಯಪ್ ಹಾಕಿ ಕೊಟ್ಟಿರುತ್ತಾರೆ, ಅದರೊಳಗೂ ಇಂಥದ್ದೇ ಇನ್ನೊಂದು ಗುಂಡಿ ಇರುತ್ತದೆ. ಅದನ್ನೂ ಹುಡುಕಿ ಆಫ್ ಮಾಡಿ. ಇನ್ನು ಫ್ಯಾನಿನ ಸದ್ದು ನಿಜವಾಗಿಯೇ ಬರುತ್ತದೆ, ಹಾಡು ಮುಗಿಯುವ ತನಕ ಫ್ಯಾನ್ ನಿಲ್ಲಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಸ್ವಲ್ಪ ಕಷ್ಟವೇ, ಏನು ಮಾಡೋದು.

ಪ್ರಶ್ನೆ: ನಮ್ಮದು ತೋಟದ ಮನೆ. ಹಾಡಿಗೆ ನುಡಿಸುವ ಕೀಬೋರ್ಡಿನಿಂದ ವೈರ್ ಎಳೆದು ಯುಎಸ್‌ಬಿ ಸೌಂಡ್ ಕಾರ್ಡಿಗೆ ಕೊಟ್ಟು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದರೆ ‘ಗುಂಯ್’ ಅಂತ ಒಂದೇ ಸಮ ಸದ್ದು. ವೈರ್ ಬದಲಾಯಿಸಿದೆ, ಕಾರ್ಡೂ ಬದಲಾಯಿಸಿದೆ, ಹೋಗಲಿಲ್ಲ. (ಓದುಗರು, ಮೂಡಿಗೆರೆ)

ಉತ್ತರ: ಬದಲಾಯಿಸುವ ಮೊದಲು ಚಾರ್ಜರ್ ಕಿತ್ತು ನೋಡಬೇಕಿತ್ತು ಸರ್. ಬ್ಯಾಟರಿಯಲ್ಲೇ ಓಡಿಸಿದಾಗ ಗುಂಯ್ ನಿಂತರೆ ಕಾರ್ಡಿನದ್ದಲ್ಲ, ಕರೆಂಟಿನದ್ದು. ನಮ್ಮಲ್ಲಿ ಕರೆಂಟು ಸೆಕೆಂಡಿಗೆ 50 ಸಲ ತೂಗಾಡುತ್ತದೆ. ಅದೇ 50 ಹರ್ಟ್ಜ್, ಅದರ ಜೊತೆಗೆ 100, 150 ಕೂಡ ಸೇರಿ ಕೇಳಿಸುತ್ತದೆ. ಐದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಹಾಡುವವರಿಗೆ ಈ 100 ಹೆಚ್ಚುಕಮ್ಮಿ ಮಂದ್ರದ ಷಡ್ಜ, ಅಂದರೆ ಕೆಳಗಿನ ‘ಸ’, ಆದರೆ ಒಂಚೂರು ಏರು. ಅದಕ್ಕೇ ಇನ್ನೂ ಹಿಂಸೆ.

ಲ್ಯಾಪ್‌ಟಾಪ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಕೀಬೋರ್ಡ್ ಇನ್ನೊಂದು ಗೋಡೆಯದರಲ್ಲಿ ಇದ್ದರೆ ಎರಡರ ಅರ್ಥಿಂಗ್ ನಡುವೆ ಸಣ್ಣ ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸದ ಕರೆಂಟು ನಿಮ್ಮ ಆಡಿಯೋ ವೈರಿನೊಳಗೆ ಹರಿಯುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಬೆರಳುದ್ದದ ಡಬ್ಬಿ ಸಿಗುತ್ತದೆ. ಅದರೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಹಾಡು ದಾಟುತ್ತದೆ, ವೈರಿಗೆ ವೈರಿನ ನೇರ ಸಂಪರ್ಕ ಇರುವುದಿಲ್ಲ. ಕೀಬೋರ್ಡ್ ಮತ್ತು ಕಾರ್ಡಿನ ನಡುವೆ ಹಾಕಿ.

ಇನ್ನೊಂದು. ಚಾರ್ಜರ್ ಹಾಕಿದ್ದಾಗ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತದಾ? ಹಾಗಿದ್ದರೆ ಆ ಸಾಕೆಟ್ಟಿಗೆ ಅರ್ಥಿಂಗ್ ಸರಿಯಾಗಿ ಬಂದಿಲ್ಲದೆ ಇರಬಹುದು. ಹಳೆಯ ತೋಟದ ಮನೆಗಳಲ್ಲಿ ಇದ್ದಿಲು, ಉಪ್ಪು ಹಾಕಿ ಮಾಡಿದ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಕೆಲಸ ಬಿಟ್ಟಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯುವವರನ್ನು ನೋಡಿದ್ದೇನೆ. ಸದ್ದು ಹೋಗಬಹುದು, ಆದರೆ ನಿಮ್ಮ ಕಡೆಯ ಮಳೆಗಾಲದಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನುಡಿಸುವಾಗ ಜೀವಕ್ಕೇ ಅಪಾಯ. ದಯವಿಟ್ಟು ಬೇಡ.

ಪ್ರಶ್ನೆ: ಭಜನೆ ರೆಕಾರ್ಡ್ ಮಾಡಿ ಗೆಳೆಯನ ಕಂಪ್ಯೂಟರಿನಲ್ಲಿ ವಿಡಿಯೋಗೆ ಸೇರಿಸಿದೆವು. ಎಲ್ಲರೂ ಅವಸರದಲ್ಲಿ ಕೀಚಲು ದನಿಯಲ್ಲಿ ಹಾಡಿದ ಹಾಗಿದೆ. (ಓದುಗರು, ಬೇಲೂರು)

ಉತ್ತರ: ಕಾರ್ಡ್ ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದಿದೆ, ಸಾಫ್ಟ್‌ವೇರ್ ಅದನ್ನು 48,000 ಅಂತ ತಿಳಿದುಕೊಂಡಿದೆ. ವಿಡಿಯೋದ ಲೆಕ್ಕ ಸಾಮಾನ್ಯವಾಗಿ 48,000. ಹೀಗಾದಾಗ 5 ನಿಮಿಷದ ಭಜನೆ 4 ನಿಮಿಷ 36 ಸೆಕೆಂಡಿಗೇ ಮುಗಿಯುತ್ತದೆ. ಶ್ರುತಿ ಮುಕ್ಕಾಲು ಮನೆಯಷ್ಟು ಏರುತ್ತದೆ, ಐದು ಮನೆಯಲ್ಲಿ ಹಾಡಿದ್ದು ಐದೂವರೆಯನ್ನೂ ದಾಟಿಬಿಡುತ್ತದೆ. ಎಲ್ಲರನ್ನೂ ಮತ್ತೆ ಸೇರಿಸಿ ಹಾಡಿಸಬೇಕಿಲ್ಲ. ಆಡಾಸಿಟಿಯಲ್ಲಿ ಆ ಫೈಲ್ ತೆರೆದು, ಟ್ರ್ಯಾಕಿನ ಹೆಸರು ಒತ್ತಿ, ‘ರೇಟ್’ ಅನ್ನುವಲ್ಲಿ 44,100 ಮಾಡಿ. ಸರಿಯಾಗಿ ಕೇಳಿದರೆ 48,000ಕ್ಕೆ ಎಕ್ಸ್‌ಪೋರ್ಟ್ ಮಾಡಿ ಗೆಳೆಯನಿಗೆ ಕೊಡಿ.

ಪ್ರಶ್ನೆ: ಗಿಟಾರ್ ಮೀಟಿದ ಮೇಲೆ ತಡವಾಗಿ ಕಿವಿಗೆ ಬರುತ್ತೆ ಅಣ್ಣಾ, ತಾಳವೇ ಸಿಗಲ್ಲ. (ವಿದ್ಯಾರ್ಥಿ, ಹಾಸನ)

ಉತ್ತರ: ಮೊದಲು ಹೇಳು, ಬ್ಲೂಟೂತ್ ಹೆಡ್‌ಫೋನ್ ತಾನೇ? ಅದನ್ನು ತೆಗೆದಿಟ್ಟು ವೈರಿನದ್ದು ಹಾಕು. ಆಮೇಲೆ ಬಫರ್ ನೋಡು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ದನಿಯ ಎಷ್ಟು ಅಳತೆ ಕೂಡಿಟ್ಟುಕೊಂಡು ಮುಂದೆ ಕಳಿಸುತ್ತದೆ ಅನ್ನುವ ಲೆಕ್ಕ. 2048 ಇದ್ದರೆ ಅದೊಂದೇ 46 ಮಿಲಿಸೆಕೆಂಡು ತಿನ್ನುತ್ತದೆ, ಅಂದರೆ ಹದಿನಾರು ಮೀಟರ್ ದೂರದ ಆಂಪ್ಲಿಫೈಯರ್ ಕೇಳಿಕೊಂಡು ನುಡಿಸಿದ ಹಾಗೆ. 256 ಮಾಡಿದರೆ ಆರಕ್ಕಿಂತ ಕಡಿಮೆ. ಅಲ್ಲಿ ಪಟಪಟ ಅಂತ ಸದ್ದು ಒಡೆದರೆ 512. ವೈಫೈ ಆಫ್ ಮಾಡಿಯೂ ನೋಡು, ಅದರ ಡ್ರೈವರ್ ಎಷ್ಟೋ ಸಲ ನಡುವೆ ಮೂಗು ತೂರಿಸುತ್ತದೆ. ಕಾರ್ಡಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರಂತೂ ಅದನ್ನೇ ಒತ್ತು, ಸದ್ದು ಕಂಪ್ಯೂಟರಿಗೆ ಹೋಗಿ ಬರುವ ಗೊಡವೆಯೇ ಇಲ್ಲ.

ಪ್ರಶ್ನೆ: ಹೊಸ ಯುಎಸ್‌ಬಿ ಮೈಕ್ ತಂದೆ. ಆದರೂ ಬಾವಿಯೊಳಗಿಂದ ಹಾಡಿದ ಹಾಗೆ ಕೇಳುತ್ತದೆ. (ಓದುಗರು, ಚಿಕ್ಕಮಗಳೂರು)

ಉತ್ತರ: ನನಗೂ ಆಗಿದೆ, ಹೇಳಿಕೊಳ್ಳೋಕೆ ನಾಚಿಕೆ. ಒಂದು ಸಂಜೆ ಪೂರ್ತಿ ಅಕ್ಕನ ಕೈಲಿ ಭಾವಗೀತೆ ಹಾಡಿಸಿದೆ. ಮೈಕಿಗೆ ಸ್ಟ್ಯಾಂಡು, ಮುಂದೆ ಬಟ್ಟೆ, ಎಲ್ಲಾ ಏರ್ಪಾಡು. ರಾತ್ರಿ ಕೇಳಿದರೆ ಅಡುಗೆ ಮನೆಯ ಕುಕ್ಕರ್ ಕೂಗಿದ್ದು ಅಕ್ಕನಿಗಿಂತ ಜೋರು. ರೆಕಾರ್ಡ್ ಆಗಿದ್ದು ಆ ಮೈಕಿನಿಂದ ಅಲ್ಲವೇ ಅಲ್ಲ, ಲ್ಯಾಪ್‌ಟಾಪಿನ ಕ್ಯಾಮೆರಾ ಪಕ್ಕದ ಸಾಸಿವೆ ಕಾಳಿನಷ್ಟು ತೂತಿನಿಂದ! ರೆಕಾರ್ಡ್ ಒತ್ತಿ, ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಮೀಟರ್ ಕುಣಿಯಬೇಕು. ಕುಣಿಯದೆ, ಲ್ಯಾಪ್‌ಟಾಪಿನ ಅಂಚು ಕೆರೆದಾಗ ಕುಣಿದರೆ ರೆಕಾರ್ಡಿಂಗ್ ಡಿವೈಸ್ ಪಟ್ಟಿಯಲ್ಲಿ ಯುಎಸ್‌ಬಿ ಮೈಕ್ ಆರಿಸಿ. ಮೈಕ್ ಕಿತ್ತು ಮತ್ತೆ ಹಾಕಿದ ಮೇಲೆ ಈ ಪಟ್ಟಿ ಕೆಲವು ಸಲ ಹಳೆಯದಕ್ಕೇ ಹೋಗಿ ಕೂರುತ್ತದೆ, ನಾನಂತೂ ಈಗ ಪ್ರತಿ ಹಾಡಿಗೂ ಮೊದಲು ಒಮ್ಮೆ ಕೆರೆಯುತ್ತೇನೆ. ಅಕ್ಕ ಪ್ರತಿ ಸಲ ನಗುತ್ತಾಳೆ.