ಬಾಲ್ ಒಂದೇ, ತಿರುವು ಬೇರೆ ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಬೀದರ್‌ನವನು. ನಾನೂ ನಮ್ಮ ಕಾಕಾನ ಮಗನೂ ರಜೆ ಸಿಕ್ಕಾಗ ಹೈದರಾಬಾದಿಗೆ ಹೋಗಿ ಬೌಲಿಂಗ್ ಆಡುತ್ತೇವೆ, ಕ್ರಿಕೆಟ್‌ನದಲ್ಲ, ಬಾಲ್ ಉರುಳಿಸಿ ಪಿನ್ನುಗಳನ್ನು ಬೀಳಿಸುವ ಆಟ. ಇಬ್ಬರೂ ಒಂದೇ ಮಾಡೆಲ್‌ನ 15 ಪೌಂಡಿನ ಬಾಲ್ ತಗೊಂಡೆವು. ಅವನದು ಸೀದಾ ಹೋಗಿ ಕೊನೆಗೆ ಗಕ್ಕನೆ ತಿರುಗುತ್ತದೆ. ನನ್ನದು ಅರ್ಧ ದಾರಿಯಲ್ಲೇ ಬಾಗಲು ಶುರು ಮಾಡಿ, ಪಿನ್ನುಗಳ ಹತ್ತಿರ ಹೋಗುವಷ್ಟರಲ್ಲಿ ಸುಸ್ತಾಗಿರುತ್ತದೆ. ಅವನ ಬಾಲಿನಲ್ಲಿ ಬಣ್ಣದ ಚುಕ್ಕಿ ಬೆರಳಿನ ತೂತುಗಳ ಮೇಲಿದೆ, ನನ್ನದರಲ್ಲಿ ಕೆಳಗಿದೆ. ತೂತು ಮುಚ್ಚಿಸಿ ಮತ್ತೆ ಕೊರೆಸಬೇಕಾ?

ಉತ್ತರ: ಅವಸರ ಬೇಡ. ಚುಕ್ಕಿಯನ್ನು ನೀವು ಗಮನಿಸಿದ್ದೀರಿ, ಅರ್ಧ ಉತ್ತರ ಅಲ್ಲೇ ಇದೆ. ಆ ಚುಕ್ಕಿಗೂ ಪಿನ್ ಅಂತಲೇ ಹೆಸರು. ಬಾಲಿನ ಒಳಗೆ ಕೋರ್ ಅಂತ ಭಾರದ ಗಡ್ಡೆ ಇರುತ್ತದೆ, ಅದರ ತಲೆ ಎಲ್ಲಿದೆ ಅಂತ ಈ ಚುಕ್ಕಿ ತೋರಿಸುತ್ತದೆ. ಇನ್ನೊಂದು ಬಿಂದು ಪಿಎಪಿ (ಪಾಸಿಟಿವ್ ಆಕ್ಸಿಸ್ ಪಾಯಿಂಟ್). ನೀವು ಬಾಲ್ ಬಿಟ್ಟಾಗ ಅದು ಯಾವ ಅಚ್ಚಿನ ಮೇಲೆ ಸುತ್ತುತ್ತದೋ, ಆ ಅಚ್ಚಿನ ತುದಿ. ಇದನ್ನು ಬಾಲಿನ ಮೇಲೆ ಗುರುತು ಹಾಕಿರುವುದಿಲ್ಲ, ನಿಮ್ಮ ಕೈ ತಿರುಗುವ ರೀತಿಯಿಂದ ಬರುತ್ತದೆ.

ಇವೆರಡರ ನಡುವಿನ ದೂರವೇ ಮುಖ್ಯ. ಬುಗುರಿ ನೆಟ್ಟಗೆ ನಿಂತಾಗ ಅಲುಗಾಡದೆ ತಿರುಗುತ್ತದೆ, ವಾಲಿದರೆ ತೂರಾಡುತ್ತದೆ ಅಲ್ವಾ? ಹಾಗೇ, ಚುಕ್ಕಿ ಪಿಎಪಿ ಮೇಲೇ ಇದ್ದರೂ, 6.75 ಇಂಚು ದೂರ ಇದ್ದರೂ ಕೋರ್ ಹೆಚ್ಚುಕಮ್ಮಿ ಸುಮ್ಮನಿರುತ್ತದೆ. ಸರಿಯಾಗಿ ನಡುವೆ, 3.375 ಇಂಚಿನ ಹತ್ತಿರ ಬಂದರೆ ತೂರಾಟ ಜಾಸ್ತಿ. ಲೇನಿಗೆ, ಅಂದರೆ ಬಾಲ್ ಉರುಳುವ ದಾರಿಗೆ, ಎಣ್ಣೆ ಹಚ್ಚಿರುತ್ತಾರೆ. ತೂರಾಡಿದಾಗ ಪ್ರತಿ ಸುತ್ತಿಗೂ ಬಾಲಿನ ಹೊಸ, ಎಣ್ಣೆ ತಾಗದ ಜಾಗ ಲೇನಿಗೆ ಸಿಗುತ್ತದೆ, ಅದು ಹಿಡಿತ ಕೊಡುತ್ತದೆ. ಮುಂದಿನ ಸಲ ಬಾಲ್ ವಾಪಸ್ ಬಂದ ತಕ್ಷಣ ಒರೆಸದೆ ಬೆಳಕಿಗೆ ಹಿಡಿದು ನೋಡಿ. ಎಣ್ಣೆಯ ಗೆರೆಗಳು ಬಳೆಗಳ ಹಾಗೆ ಕಾಣುತ್ತವೆ, ಎರಡು ಕಡೆ ಒಂದಕ್ಕೊಂದು ಕೂಡಿ, ನಡುವೆ ಅಗಲವಾಗಿ ಬಿಚ್ಚಿಕೊಂಡಿರುತ್ತವೆ. ಈ ಅಗಲಕ್ಕೆ ಫ್ಲೇರ್ ಅಂತಾರೆ. ಅಣ್ಣತಮ್ಮಂದಿರ ಎರಡೂ ಬಾಲ್ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಚುಕ್ಕಿ ಬೆರಳಿನ ಮೇಲಿದ್ದರೆ ಬಾಲ್ ಸಾಮಾನ್ಯವಾಗಿ ಮೊದಲು ಶಕ್ತಿ ಉಳಿಸಿಕೊಂಡು ಕೊನೆಗೆ ಚುರುಕಾಗಿ ತಿರುಗುತ್ತದೆ. ಕೆಳಗಿದ್ದರೆ ಬೇಗ ಉರುಳಲು ಶುರು ಮಾಡಿ, ನಯವಾಗಿ ಬಾಗುತ್ತದೆ. ಹಾಗಾಗಿ ಕೊರೆದವರು ತಪ್ಪು ಮಾಡಿದ್ದಾರೆ ಅನ್ನಲು ಆಗುವುದಿಲ್ಲ. ಎಣ್ಣೆ ಜಾಸ್ತಿ ಇರುವ ಲೇನಿನಲ್ಲಿ ನಿಮ್ಮ ಬಾಲೇ ನಂಬಿಕೆಯದ್ದು.

ಈಗ ನನ್ನ ಮಾತು ಕೇಳಿ: ಮೊದಲು ಮೇಲ್ಮೈ ನೋಡಿ. ಬಾಲಿನ ಓಟವನ್ನು ಲೇಔಟ್‌ಗಿಂತ, ಅಂದರೆ ತೂತು ಕೊರೆದ ಜಾಗಕ್ಕಿಂತ, ಮೇಲ್ಮೈ ಜಾಸ್ತಿ ಬದಲಾಯಿಸುತ್ತದೆ, ಇದನ್ನು ಮರೆತು ಎಷ್ಟೋ ಜನ ಒಳ್ಳೆಯ ಬಾಲನ್ನು ಸುಮ್ನೆ ಮತ್ತೆ ಮತ್ತೆ ಕೊರೆಸುತ್ತಾರೆ, ನೋಡಿದರೆ ಬೇಜಾರಾಗುತ್ತದೆ. ನಿಮ್ಮದು 1000 ಗ್ರಿಟ್‌ನ (ಉಜ್ಜುವ ಹಾಳೆಯ ಅಳತೆ, ಅಂಕಿ ಹೆಚ್ಚಾದಷ್ಟು ನಯ) ಒರಟು ಮೇಲ್ಮೈ ಆಗಿದ್ದರೆ 4000ಕ್ಕೆ ಉಜ್ಜಿಸಿ, ಬೇಕಾದರೆ ಪಾಲಿಶ್ ಮಾಡಿಸಿ. 60 ಅಡಿ ದಾರಿಯಲ್ಲಿ ಎಣ್ಣೆ ಸಾಮಾನ್ಯವಾಗಿ 40 ಅಡಿ ಸುತ್ತಮುತ್ತ ಮುಗಿಯುತ್ತದೆ, ನಯವಾದ ಬಾಲ್ ಅಲ್ಲಿಯವರೆಗೆ ಜಾರಿಕೊಂಡು ಹೋಗಿ ಒಣ ಜಾಗದಲ್ಲಿ ತಿರುಗುತ್ತದೆ. ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ಕೊರೆಸಿ, ಆಗಲೂ ನಿಮ್ಮ ಪಿಎಪಿ ಅಳೆಸಿದ ಮೇಲೆ. ತಮ್ಮನ ಲೇಔಟನ್ನು ಹಾಗೇ ನಕಲು ಮಾಡಿಸಬೇಡಿ, ಅವನ ಕೈ ಬೇರೆ.

ಪ್ರಶ್ನೆ: ಯಾದಗಿರಿಯಿಂದ ಬರೆಯುತ್ತಿದ್ದೇನೆ. ಫ್ಲೇರ್ ಹೆಚ್ಚಿಸಲು ಬಾಲಿನ ಪಕ್ಕದಲ್ಲಿ ಬೆರಳಿಡದ ಇನ್ನೊಂದು ತೂತು ಹಾಕಿಸು ಅಂತ ಗೆಳತಿ ಹೇಳುತ್ತಾಳೆ. ಹಾಕಿಸಲಾ?

ಉತ್ತರ: ಬೇಡ ಮೇಡಂ. ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿಯ ನಿಯಮದಲ್ಲಿ 2020ರ ಆಗಸ್ಟ್ 1ರಿಂದ ಅಂಥ ತೂತಿಗೆ ಅವಕಾಶ ಇಲ್ಲ, ಬಾಲಿನಲ್ಲಿರುವ ಪ್ರತಿ ತೂತಿಗೂ ಬೆರಳು ಹೋಗಬೇಕು. ನಿಮ್ಮ ಗೆಳತಿ ಹಳೆಯ ಕಾಲದ ಮಾತು ಕೇಳಿರಬೇಕು. ಗೆಳೆಯರ ಜೊತೆ ಆಡುವಾಗ ಯಾರೂ ಕೇಳುವುದಿಲ್ಲ, ಆದರೆ ನಾಳೆ ಟೂರ್ನಿಗೆ ಹೋದರೆ ಆ ತೂತು ಮುಚ್ಚಿಸಲು ಮತ್ತೆ ದುಡ್ಡು ಕೊಡಬೇಕು.