ಎಸ್ಪ್ರೆಸೊ ಚರಟ: ಸಿಂಕಿಗೆ ಬೇಡ, ಕುಂಡಕ್ಕೂ ಹಸಿಯಾಗಿ ಬೇಡ

ಪ್ರಶ್ನೆ: ಮನೆಯಲ್ಲಿ ದಿನಕ್ಕೆ ಆರು ಡಬಲ್ ಎಸ್ಪ್ರೆಸೊ (ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ) ಆಗುತ್ತದೆ. ಕಾಫಿಪುಡಿ ತುಂಬುವ ತೂತಿನ ಬಟ್ಟಲನ್ನು (ಬಾಸ್ಕೆಟ್) ಚರಟದ ಸಮೇತ ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತೇವೆ. ಸಿಂಕ್ ಪದೇ ಪದೇ ಕಟ್ಟಿಕೊಳ್ಳುತ್ತದೆ. ಬಿಸಿನೀರು, ಅಡುಗೆ ಸೋಡಾ, ವಿನೆಗರ್ ಎಲ್ಲ ಹಾಕಿಯಾಯಿತು. ಮುಂದೇನು?
– ಓದುಗರು, ಶಿರಸಿ

ಉತ್ತರ: ಕಾಫಿ ಚರಟ ಬಿಸಿನೀರಿಗೂ ಕರಗುವುದಿಲ್ಲ, ಸೋಡಾಕ್ಕೂ ಕರಗುವುದಿಲ್ಲ. ಸೋಡಾ ಮತ್ತು ವಿನೆಗರ್ ಸೇರಿದರೆ ನೊರೆ ಬರುತ್ತದೆ, ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ, ಅಷ್ಟೇ. ಚರಟದ ಪುಡಿ ಸಿಂಕಿನ ಕೆಳಗಿನ ಬಾಟಲ್ ಟ್ರಾಪಿನ (ಪೈಪಿನಲ್ಲಿ ನೀರು ನಿಲ್ಲುವ ಬಟ್ಟಲಿನಂಥ ಭಾಗ) ತಳದಲ್ಲಿ ಕೂರುತ್ತದೆ. ಪಾತ್ರೆಗಳಿಂದ ಹೋದ ತೆಂಗಿನೆಣ್ಣೆ ಅದನ್ನು ಅಂಟಿಸುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಶಿರಸಿಯ ಚಳಿಗಾಲದ ಬೆಳಗಿನಲ್ಲಿ ಈ ತೊಂದರೆ ಹೆಚ್ಚು. ಬಿಸಿನೀರು ಸುರಿದರೆ ಎಣ್ಣೆ ಕರಗಿ ಮುಂದೆ ಹೋಗಿ, ಕೈಗೆ ಸಿಗದ ಪೈಪಿನಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ.

ಆಸಿಡ್ ಸುರಿಯಬೇಡಿ. ಟ್ರಾಪಿನ ಕೆಳಗೆ ಬಕೆಟ್ ಇಟ್ಟು, ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಒಳಗಿನ ಕಪ್ಪು ಗಸಿಯನ್ನು ಬಕೆಟ್ಟಿಗೇ ಬಗ್ಗಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ರಬ್ಬರ್ ವಾಷರ್ ಸರಿಯಾಗಿ ಕೂತಿದೆಯೇ ನೋಡಿ ಮತ್ತೆ ಹಾಕಿ. ಆಮೇಲೆ ಒಂದು ಬಕೆಟ್ ನೀರು ಒಮ್ಮೆಲೇ ಬಿಟ್ಟು ಸೋರುತ್ತದೆಯೇ ಪರೀಕ್ಷಿಸಿ.

ಡಬಲ್ ಬಾಸ್ಕೆಟ್ಟಿಗೆ 18 ಗ್ರಾಂ ಪುಡಿ ಹಾಕಿದರೆ ಹೊರಬರುವ ಒದ್ದೆ ಚರಟ 35 ಗ್ರಾಂ ಆಸುಪಾಸು. ಆರು ಸಲಕ್ಕೆ 200 ಗ್ರಾಂ, ತಿಂಗಳಿಗೆ ಆರು ಕಿಲೊ. ಇದಿಷ್ಟನ್ನೂ ನುಂಗುವ ಪೈಪ್ ಇಲ್ಲ. ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಾದರೆ ಅಲ್ಲೂ ಅದು ಬೇಗ ಕೊಳೆಯದೆ ತಳದಲ್ಲಿ ಸೇರುತ್ತಾ ಹೋಗುತ್ತದೆ. ಹಾಗಾಗಿ ಮೊದಲು ಚರಟ ತೆಗೆಯಿರಿ, ನೀರು ಆಮೇಲೆ. ನಾಕ್ ಬಾಕ್ಸ್ (ಚರಟ ಬಡಿದು ಬೀಳಿಸುವ ಡಬ್ಬಿ) ಇಲ್ಲದಿದ್ದರೆ ಅಗಲ ಬಾಯಿಯ ಡಬ್ಬಿಗೆ ಅಡ್ಡಲಾಗಿ ಮರದ ಕೋಲು ಬಿಗಿದು, ಅದಕ್ಕೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದರೆ ಸಾಕು. ಬಡಿಯುವಾಗ ಬಾಸ್ಕೆಟ್ಟಿನ ಅಂಚು ತಾಗಬಾರದು. ಪೋರ್ಟಾಫಿಲ್ಟರಿನ (ಬಾಸ್ಕೆಟ್ ಕೂರಿಸುವ, ಹಿಡಿಕೆಯುಳ್ಳ ಭಾಗ) ಹಿಡಿಕೆ ಸೇರುವ ಕಡೆಯ ಲೋಹದ ಭಾಗವೇ ತಾಗಬೇಕು. ಅಂಚು ಸೊಟ್ಟಗಾದರೆ ಮುಂದೆ ಯಂತ್ರದ ರಬ್ಬರ್ ಬಳೆಯಾದ ಗ್ಯಾಸ್ಕೆಟ್ಟಿನ ಸುತ್ತ ಸೋರಿಕೆ ಶುರು. ಉಳಿದ ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ. ತೊಳೆಯುವುದು ಇಷ್ಟಾದ ನಂತರ.

ಪ್ರಶ್ನೆ: ನಮ್ಮ ಯಂತ್ರದಲ್ಲಿ ಚರಟ ಬಿಲ್ಲೆಯಾಗಿ ಬೀಳುವುದೇ ಇಲ್ಲ, ಕೆಸರಿನಂತೆ ಅಂಟಿಕೊಳ್ಳುತ್ತದೆ. ಒಮ್ಮೊಮ್ಮೆ ಪೋರ್ಟಾಫಿಲ್ಟರ್ ತಿರುಗಿಸುವಾಗ ಮುಖಕ್ಕೇ ಸಿಡಿಯುತ್ತದೆ. ಯಂತ್ರ ಕೆಟ್ಟಿದೆಯೇ?
– ಓದುಗರು, ಕಾರವಾರ

ಉತ್ತರ: ಕೆಟ್ಟಿರಲಿಕ್ಕಿಲ್ಲ. ಪಂಪ್ ನಿಲ್ಲಿಸಿದ ಕೂಡಲೇ ‘ಸುಸ್ಸ್’ ಎಂದು ಸದ್ದಾಗಿ, ಬೇರೆಯದೇ ನಳಿಗೆಯಿಂದ ಕೆಳಗಿನ ತಟ್ಟೆಗೆ ನೀರು ಬೀಳುತ್ತದೆಯೇ ನೋಡಿ. ಬಿದ್ದರೆ ಮೂರು ದಾರಿಯ ಸೊಲೆನಾಯ್ಡ್ ವಾಲ್ವ್ ಇದೆ ಎಂದರ್ಥ. ಅದು ಒತ್ತಡವನ್ನೂ ಪುಡಿಯ ಮೇಲೆ ನಿಂತ ನೀರನ್ನೂ ಹೊರಗೆ ಎಳೆಯುತ್ತದೆ, ಬಿಲ್ಲೆ ಗಟ್ಟಿಯಾಗಿ ಬರುತ್ತದೆ. ಅಗ್ಗದ ಬಹುಪಾಲು ಯಂತ್ರಗಳಲ್ಲಿ ಈ ವಾಲ್ವ್ ಇರುವುದಿಲ್ಲ. ಅವುಗಳಲ್ಲಿ ಕಾಫಿ ಇಳಿದ ಮೇಲೂ ಒಳಗೆ ಒತ್ತಡ ಉಳಿಯುತ್ತದೆ, ಸಿಡಿಯುವುದು ಅದೇ. ಹನಿ ಪೂರ್ತಿ ನಿಂತ ಮೇಲೂ ಒಂದು ನಿಮಿಷ ಕಾಯಿರಿ. ನಂತರ ಸ್ವಲ್ಪವೇ ತಿರುಗಿಸಿ, ಗಾಳಿ ಹೋದದ್ದು ಗೊತ್ತಾದ ಮೇಲೆ ಪೂರ್ತಿ ಬಿಚ್ಚಿ.

ವಾಲ್ವ್ ಇದ್ದೂ ಕೆಸರಾದರೆ ಪುಡಿ ಕಡಿಮೆ ಬಿದ್ದಿರಬಹುದು. 18 ಗ್ರಾಂ ಬಾಸ್ಕೆಟ್ಟಿಗೆ 14 ಗ್ರಾಂ ಹಾಕಿದರೆ ಮೇಲಿನ ಖಾಲಿ ಜಾಗದಲ್ಲಿ ನೀರು ನಿಲ್ಲುತ್ತದೆ. ತಕ್ಕಡಿಯಲ್ಲಿ ತೂಗಿ ಹಾಕಿ. ಒದ್ದೆ ಬಿಲ್ಲೆಯಿಂದ ಕಾಫಿಯ ರುಚಿ ಕೆಡುತ್ತದೆಂದು ಹೆದರಬೇಕಿಲ್ಲ. ಅದು ಸ್ವಚ್ಛತೆಯ ತೊಂದರೆ ಮಾತ್ರ.

ಇನ್ನೊಂದು ಕಾರಣ ನಮ್ಮ ಕಡೆ ಸಾಮಾನ್ಯ: ಚಿಕೋರಿ ಬೆರೆಸಿದ ಫಿಲ್ಟರ್ ಪುಡಿಯನ್ನೇ ಯಂತ್ರಕ್ಕೆ ಹಾಕುವುದು. ಚಿಕೋರಿ ನೀರು ಕುಡಿದು ಊದುತ್ತದೆ, ಅದರ ಸಕ್ಕರೆ ಅಂಶ ತೂತುಗಳಲ್ಲಿ ಅಂಟುತ್ತದೆ. ಎಸ್ಪ್ರೆಸೊಗೆ ಶುದ್ಧ ಕಾಫಿಯೇ ಬೇಕು. ಎರಡು ಪದರದ ಬಾಸ್ಕೆಟ್ ಆಗಿದ್ದರೆ ತಳದಲ್ಲಿ ಹೊರಕ್ಕಿರುವುದು ಒಂದೇ ಸೂಜಿತೂತು. ಅದು ಮುಚ್ಚಿದರೆ ಕಾಫಿ ಇಳಿಯುವುದೇ ಇಲ್ಲ. ಬಿಸಿನೀರಿನಲ್ಲಿ ಹದಿನೈದು ನಿಮಿಷ ನೆನೆಸಿ, ತೆಳ್ಳನೆ ಸೂಜಿಯಿಂದ ಹೊರಗಿನಿಂದ ಬಿಡಿಸಿ.

ಪೋರ್ಟಾಫಿಲ್ಟರ್ ತೆಗೆದ ಮೇಲೆ ಪ್ರತಿ ಸಲವೂ ಎರಡು ಮೂರು ಸೆಕೆಂಡ್ ನೀರು ಬಿಟ್ಟು, ಮೇಲಿನ ಜಾಲರಿ ಮತ್ತು ರಬ್ಬರ್ ಗ್ಯಾಸ್ಕೆಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗ್ಯಾಸ್ಕೆಟ್ಟಿನ ಮೇಲೆ ಪುಡಿ ಕೂತರೆ ಬದಿಯಿಂದ ಸೋರುತ್ತದೆ. ಸೋರಿಕೆ ನಿಲ್ಲಿಸಲು ಇನ್ನೂ ಬಿಗಿಯಾಗಿ ತಿರುಗಿಸಿದರೆ ರಬ್ಬರ್ ಬೇಗ ಸವೆಯುತ್ತದೆ. ತಿಂಗಳಿಗೊಮ್ಮೆ ಜಾಲರಿಯ ಸ್ಕ್ರೂ ಬಿಚ್ಚಿ ಹಿಂಬದಿಯನ್ನೂ ಉಜ್ಜಬೇಕು. ವಾಲ್ವ್ ಇರುವ ಯಂತ್ರಕ್ಕೆ ಆಗಲೇ, ನೀರನ್ನು ಹಿಮ್ಮುಖವಾಗಿ ಹಾಯಿಸಿ ಒಳಗೆ ತೊಳೆಯುವ ಬ್ಯಾಕ್‌ಫ್ಲಶ್ ಮಾಡಿ: ತೂತಿಲ್ಲದ ಬಾಸ್ಕೆಟ್ಟಿಗೆ ಎಸ್ಪ್ರೆಸೊ ಯಂತ್ರ ತೊಳೆಯುವ ಪುಡಿ ಅರ್ಧ ಟೀ ಚಮಚ, ಹತ್ತು ಸೆಕೆಂಡ್ ಪಂಪ್, ಹತ್ತು ಸೆಕೆಂಡ್ ಬಿಡುವು, ಹೀಗೆ ಐದು ಸಲ. ಆಮೇಲೆ ಪುಡಿ ಹಾಕದೆ ಅದನ್ನೇ ನೊರೆ ಪೂರ್ತಿ ಹೋಗುವ ತನಕ. ವಾಲ್ವ್ ಇಲ್ಲದ ಯಂತ್ರಕ್ಕೆ ಇದನ್ನು ಮಾಡಲೇಬೇಡಿ. ಒತ್ತಡಕ್ಕೆ ಹೊರಹೋಗುವ ದಾರಿ ಇರುವುದಿಲ್ಲ. ಅಲ್ಯೂಮಿನಿಯಂ ಪೋರ್ಟಾಫಿಲ್ಟರನ್ನು ಆ ಪುಡಿಯಲ್ಲಿ ನೆನೆಸಿದರೆ ಕಪ್ಪಾಗುತ್ತದೆ.

ಪ್ರಶ್ನೆ: ಮಲ್ಲಿಗೆ ಕುಂಡಗಳಿಗೆ ದಿನವೂ ಚರಟ ಹಾಕುತ್ತೇನೆ. ಈಗ ನೀರು ಕೆಳಗಿಳಿಯದೆ ಬದಿಯಿಂದ ಹರಿದುಹೋಗುತ್ತಿದೆ. ಗಿಡವೂ ಸೊರಗಿದೆ.
– ಓದುಗರು, ಭಟ್ಕಳ

ಉತ್ತರ: ಎಸ್ಪ್ರೆಸೊ ಚರಟ ಬಹಳ ನುಣ್ಣಗಿರುತ್ತದೆ. ಒಣಗಿದಾಗ ಸಗಣಿ ಸಾರಿಸಿದ ಅಂಗಳದಂತೆ ಬಿಗಿಯಾಗಿ ನೀರನ್ನು ತಡೆಯುತ್ತದೆ. ಆ ಪದರವನ್ನು ಕೆದಕಿ ತೆಗೆದುಬಿಡಿ, ಬೇರಿಗೆ ಪೆಟ್ಟಾಗದಂತೆ ಮೇಲ್ಮಣ್ಣು ಸಡಿಲಿಸಿ. ಹಸಿ ಚರಟದಲ್ಲಿ ಉಳಿದ ಕೆಫೀನ್ ಎಳೆಯ ಸಸಿಗಳ ಬೆಳವಣಿಗೆಯನ್ನೂ ತಡೆಯುತ್ತದೆ. ಚರಟದಿಂದ ಮಣ್ಣು ಹುಳಿಯಾಗಿ ಗಿಡಕ್ಕೆ ಒಳ್ಳೆಯದೆಂಬ ಮಾತನ್ನು ನೆಚ್ಚಬೇಡಿ. ಆಮ್ಲದ ಹೆಚ್ಚಿನ ಪಾಲು ಕಪ್ಪಿಗೆ ಇಳಿದಿರುತ್ತದೆ, ಮೇಲಾಗಿ ನಮ್ಮ ಕರಾವಳಿಯ ಜಂಬಿಟ್ಟಿಗೆ ಮಣ್ಣು ಮೊದಲೇ ಹುಳಿ.

ಆದರೂ ಚರಟದಲ್ಲಿ ಶೇ 2ರಷ್ಟು ಸಾರಜನಕ ಇದೆ, ಬಿಸಾಡುವ ವಸ್ತುವಲ್ಲ. ಒಂದು ಪಾಲು ಚರಟಕ್ಕೆ ನಾಲ್ಕು ಪಾಲು ದರಕು (ಒಣ ಎಲೆ), ಮೇಲೊಂದು ಬೊಗಸೆ ಹಟ್ಟಿಗೊಬ್ಬರ ಹಾಕಿ ಕಲಸಿ. ಒಟ್ಟು ರಾಶಿಯ ಐದನೇ ಒಂದು ಪಾಲಿಗಿಂತ ಚರಟ ಹೆಚ್ಚಾಗಬಾರದು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ತೇವ ಸರಿ. ಧಾರೆಯಾಗಿ ಬಂದರೆ ಇನ್ನಷ್ಟು ದರಕು ಸೇರಿಸಿ. ಮಳೆಗಾಲದಲ್ಲಿ ಮೇಲೆ ತಗಡೋ ಮಡಲೋ ಮುಚ್ಚದಿದ್ದರೆ ಸಾರವೆಲ್ಲ ತೊಳೆದುಹೋಗುತ್ತದೆ. ವಾರಕ್ಕೊಮ್ಮೆ ಮಗುಚಿ. ಕಪ್ಪಗೆ, ಮಣ್ಣಿನ ವಾಸನೆ ಬರುವ ಹಾಗೆ ಆದ ಮೇಲೆ ಕುಂಡಕ್ಕೆ ಒಂದು ಮುಷ್ಟಿ ಕೊಡಬಹುದು.

ಪ್ರಶ್ನೆ: ಬೀಜ ಹಾಕಿದರೆ ತಾನೇ ಕಾಫಿ ಮಾಡುವ ಯಂತ್ರವಿದೆ. ಜುಲೈಯಲ್ಲಿ ಚರಟದ ಪೆಟ್ಟಿಗೆಗೆ ಬೂಸ್ಟು ಹಿಡಿಯಿತು. ಖಾಲಿ ಮಾಡಿದರೂ ‘ಖಾಲಿ ಮಾಡಿ’ ಎಂದೇ ತೋರಿಸುತ್ತದೆ.
– ಓದುಗರು, ಅಂಕೋಲಾ

ಉತ್ತರ: ಅನೇಕ ಯಂತ್ರಗಳು ಪೆಟ್ಟಿಗೆ ತುಂಬಿದೆಯೇ ಎಂದು ನೋಡುವುದಿಲ್ಲ, ಎಷ್ಟು ಕಪ್ ಆಯಿತು ಎಂದು ಎಣಿಸುತ್ತವೆ. ಯಂತ್ರ ಆನ್ ಇರುವಾಗಲೇ ಪೆಟ್ಟಿಗೆ ಹೊರತೆಗೆದು, ಕೆಲವು ಸೆಕೆಂಡ್ ಬಿಟ್ಟು ಒಳಗಿಟ್ಟರೆ ಎಣಿಕೆ ಸೊನ್ನೆಯಾಗುತ್ತದೆ. ಮಳೆಗಾಲದಲ್ಲಿ ತುಂಬುವವರೆಗೆ ಕಾಯದೆ ದಿನವೂ ಬಗ್ಗಿಸಿ. ಬ್ರೂ ಯೂನಿಟ್ (ಒಳಗೆ ಕಾಫಿ ಇಳಿಸುವ ಭಾಗ) ಕಳಚಿ ಬರುವ ಬಗೆಯದಾದರೆ ವಾರಕ್ಕೊಮ್ಮೆ ಯಂತ್ರ ಆಫ್ ಮಾಡಿ ತೆಗೆದು, ಸೋಪು ಹಾಕದೆ ನಲ್ಲಿ ನೀರಿನಲ್ಲಿ ತೊಳೆದು ಪೂರ್ತಿ ಆರಿಸಿ. ಸೋಪಿನಿಂದ ಅದರ ಗ್ರೀಸ್ ಹೋಗಿ ಯೂನಿಟ್ ಸಿಕ್ಕಿಕೊಳ್ಳುತ್ತದೆ. ಊರಿಗೆ ಹೋಗುವ ಮುನ್ನ ಪೆಟ್ಟಿಗೆಯನ್ನು ಯಂತ್ರದೊಳಗೆ ಬಿಡಬೇಡಿ.

ಪ್ರಶ್ನೆ: ಚರಟವನ್ನು ಹಸುವಿನ ಅಕ್ಕಚ್ಚಿಗೆ ಹಾಕಬಹುದೇ?
– ಓದುಗರು, ಸಿದ್ದಾಪುರ

ಉತ್ತರ: ಬೇಡ. ಸರಿಯಾಗಿ ಅರಗುವುದಿಲ್ಲ, ಹಸು ಮೇವು ತಿನ್ನುವುದೂ ತಗ್ಗುತ್ತದೆ. ನಾಯಿಗಂತೂ ಕೆಫೀನ್ ವಿಷವೇ. ಗೊಬ್ಬರದ ಗುಂಡಿಗೆ ನಾಯಿ ಬಾಯಿ ಹಾಕದಂತೆ ಬೇಲಿ ಕಟ್ಟಿ, ಹೊಸದಾಗಿ ಹಾಕಿದ ಚರಟವನ್ನು ಅಂದೇ ದರಕಿನಡಿ ಮುಚ್ಚಿ.