ಶ್ರುತಿ ಬದಲಾದರೂ ಹಾಡು ಅದೇ ಅಂತ ಕಿವಿಗೆ ಹೇಗೆ ಗೊತ್ತಾಗುತ್ತದೆ?

ಸಂಗೀತ ಕಲಿಯದವರೂ ಬೇರೆ ಶ್ರುತಿಯಲ್ಲಿ ಹಾಡಿದ ಹಾಡನ್ನು ಹೇಗೆ ಗುರುತು ಹಿಡಿಯುತ್ತಾರೆ, ಅದರಲ್ಲಿ ಸ್ವರದ ಪಾಲೆಷ್ಟು, ಲಯದ ಪಾಲೆಷ್ಟು ಅಂತ ಕೇಳಿದ್ದೀರಿ. ನಾನು ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆಯವನು. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ನನಗೆ ಗೊತ್ತಿರುವ ಮಟ್ಟಿಗೆ, ಕಿವಿ ಸ್ವರಗಳನ್ನು ಬಿಡಿಬಿಡಿಯಾಗಿ ನೆನಪಿಡುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವುದನ್ನು ನೆನಪಿಡುತ್ತದೆ. ಅದರಲ್ಲಿ ಯಾವ ಸ್ವರಕ್ಕೆ ತೂಕ ಜಾಸ್ತಿ ಅನ್ನುವುದನ್ನು ಲಯ ಹೇಳುತ್ತದೆ.

ನಮ್ಮಲ್ಲಿ ಹಿರಿಯರೊಬ್ಬರು ಒಂದು ತತ್ವಪದವನ್ನು ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂ ಸಪ್ತಕದ ಮೊದಲ ಕಪ್ಪು ಕೀಲಿಯನ್ನೇ ಷಡ್ಜ (ಸ) ಮಾಡಿಕೊಂಡು, ಎತ್ತಿಕೊಳ್ಳುತ್ತಾರೆ. ಇನ್ನೊಬ್ಬರ ದನಿಗೆ ಅದೇ ಪದ ಬಿಳಿ ಮೂರಕ್ಕೆ ಹೋಗುತ್ತದೆ. ನನ್ನ ಬೆರಳು ಓಡಾಡುವ ಜಾಗವೇ ಬೇರೆಯಾಗುತ್ತದೆ, ಆದರೆ ಕೂತವರಿಗೆ ಪದ ಬದಲಾಯಿತು ಅನ್ನಿಸುವುದೇ ಇಲ್ಲ. ಲೆಕ್ಕ ಹಾಕಿ ನೋಡಿ. ಮಧ್ಯ ಸಪ್ತಕದ ಕಪ್ಪು ಒಂದು ಅಂದರೆ ಸೆಕೆಂಡಿಗೆ ಸುಮಾರು 277 ಕಂಪನ, ಅದರ ಪಂಚಮ (ಪ) 415. ಬಿಳಿ ಮೂರು ಅಂದರೆ 330, ಅದರ ಪಂಚಮ 494. ಕಳೆದರೆ ಒಂದು ಕಡೆ 138, ಇನ್ನೊಂದು ಕಡೆ 164. ಭಾಗಿಸಿದರೆ ಎರಡು ಕಡೆಯೂ ಒಂದೂವರೆ ಪಟ್ಟು! ಕಿವಿ ಹಿಡಿಯುವುದು ಈ ಪಟ್ಟನ್ನೇ. ಸರಿಯಾಗಿ ಎರಡು ಪಟ್ಟಾದರೆ ಅದು ಮೇಲಿನ ಷಡ್ಜ. ಗಂಡಸರೂ ಹೆಂಗಸರೂ ಸೇರಿ ಹಾಡುವಾಗ ಒಂದು ಸಪ್ತಕದ ಅಂತರ ಇದ್ದರೂ ಒಂದೇ ಸ್ವರದಂತೆ ಕೇಳುವುದು ಇದರಿಂದಲೇ.

ಸುಮ್ನೆ ಒಂದು ಸ್ವರ ಕೇಳಿ ಇದು ಇಂಥದ್ದೇ ಅಂತ ಹೇಳುವವರು ತೀರಾ ಕಡಿಮೆ. ಹಾಡಲು ಅದು ಬೇಕಾಗಿಯೂ ಇಲ್ಲ.

ಹೊಸ ಪದವನ್ನು ಮೊದಲ ಸಲ ಕೇಳಿದಾಗ ಏರಿತು, ಇಳಿಯಿತು ಅನ್ನುವ ಆಕಾರವೇ ಹೆಚ್ಚಾಗಿ ಉಳಿಯುತ್ತದೆ. ಮಂಡಳಿಗೆ ಹೊಸದಾಗಿ ಬಂದವರನ್ನು ಗಮನಿಸಿ. ಸಾಲು ಏರುವ ಕಡೆ ಅವರೂ ಏರುತ್ತಾರೆ, ಆದರೆ ಗಾಂಧಾರದಲ್ಲಿ (ಗ) ನಿಲ್ಲುವ ಬದಲು ಅದರ ಮುಂದಿನ ಮಧ್ಯಮಕ್ಕೆ (ಮ) ಹೋಗಿ ನಿಲ್ಲುತ್ತಾರೆ. ಕೇಳ್ತಾ ಕೇಳ್ತಾ ಅಂತರ ಗಟ್ಟಿಯಾಗುತ್ತದೆ. ಅಂಥವರಿಗೆ ‘ನಿನಗೆ ಶ್ರುತಿಜ್ಞಾನ ಇಲ್ಲ’ ಅಂತ ಹೇಳಿ ಬಾಯಿ ಮುಚ್ಚಿಸುವುದು ನನಗೆ ಬಹಳ ಬೇಸರದ ವಿಷಯ. ಅರ್ಧ ಹಾಡು ಆಗಲೇ ಅವರ ಕಿವಿಯಲ್ಲಿ ಕೂತಿರುತ್ತದೆ.

ಇನ್ನು ಲಯ. ಪದ ಶುರುವಾಗಿ ಸ್ವಲ್ಪ ಹೊತ್ತಿಗೆ ಕೂತವರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟುತ್ತಾರೆ, ಅಲ್ವಾ? ತಬಲಾದ ಪೆಟ್ಟು ಕೇಳಿದ ಮೇಲೆ ಕೈ ಎತ್ತಿದರೆ ಪ್ರತಿ ಚಪ್ಪಾಳೆಯೂ ತಡವಾಗಬೇಕಿತ್ತು. ಹಾಗಾಗುವುದಿಲ್ಲ. ಮುಂದಿನ ಪೆಟ್ಟು ಯಾವಾಗ ಬೀಳುತ್ತದೆ ಅಂತ ಮಿದುಳು ಮೊದಲೇ ಕಾಯುತ್ತಿರುತ್ತದೆ. ಬೆರಳಿನಿಂದ ತಾಳ ತಟ್ಟಿಸಿ ಅಳೆದ ಪ್ರಯೋಗಗಳಲ್ಲಿ ಜನ ಪೆಟ್ಟಿಗಿಂತ ಕೂದಲೆಳೆಯಷ್ಟು ಮುಂಚೆಯೇ ತಟ್ಟುವುದು ಕಂಡಿದೆ. ತಬಲಾದವರು ಬೇಕಂತಲೇ ಒಂದು ಪೆಟ್ಟು ಬಿಟ್ಟರೂ ಆ ಜಾಗದಲ್ಲಿ ನಮ್ಮ ಚಪ್ಪಾಳೆ ಬಿದ್ದೇ ಬೀಳುತ್ತದೆ. ಆದರೆ ಎರಡು ಪೆಟ್ಟಿನ ನಡುವೆ ಎರಡು ಸೆಕೆಂಡಿಗಿಂತ ಜಾಸ್ತಿ ಹೊತ್ತಾದರೆ ಈ ಹಿಡಿತ ಸಡಿಲವಾಗುತ್ತದೆ. ನಡುವೆ ಎಣಿಸಿಕೊಳ್ಳದೆ ದಾರಿ ಇಲ್ಲ.

ವೇಗದಲ್ಲೂ ಪಟ್ಟಿನದೇ ಆಟ. ಪುರಂದರದಾಸರು ಹಾಕಿಕೊಟ್ಟರು ಎನ್ನುವ ಸರಳೆ ವರಸೆಯನ್ನು, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠವನ್ನು, ಮೂರು ಕಾಲದಲ್ಲಿ (ವೇಗದಲ್ಲಿ) ಹಾಡಿಸುತ್ತಾರೆ. ಎರಡನೇ ಕಾಲ ಎರಡು ಪಟ್ಟು, ಮೂರನೆಯದು ನಾಲ್ಕು ಪಟ್ಟು. ವರಸೆ ಅದೇ ಅಂತ ಮಗುವಿಗೂ ಗೊತ್ತಾಗುತ್ತದೆ.

ಹಾಗಾದರೆ ಯಾವುದು ದೊಡ್ಡದು? ಗುರುತು ಹಿಡಿಯಲು ಸಾಮಾನ್ಯವಾಗಿ ಸ್ವರದ ಸುಳಿವೇ ಹೆಚ್ಚು ನೆರವಾಗುತ್ತದೆ. ಮನೆಯಲ್ಲೇ ನೋಡಬಹುದು. ಎಲ್ಲರಿಗೂ ಗೊತ್ತಿರುವ ಒಂದು ಹಾಡಿನ ಲಯವನ್ನು ಮಾತ್ರ ಮೇಜಿನ ಮೇಲೆ ತಟ್ಟಿ ತೋರಿಸಿ. ಕಂಡುಹಿಡಿಯುವುದು ಕಷ್ಟ. ಆಮೇಲೆ ಅದೇ ಹಾಡಿನ ಸ್ವರಗಳನ್ನು ಒಂದೇ ಸಮನೆ, ಎಲ್ಲಕ್ಕೂ ಒಂದೇ ಅಳತೆ ಇಟ್ಟು ಗುನುಗಿ. ಕೆಲವರಾದರೂ ಹಿಡಿಯುತ್ತಾರೆ, ಆದರೆ ತಡವರಿಸಿ. ಎರಡನ್ನೂ ಕೂಡಿಸಿದರೆ ಮೊದಲ ಸಾಲು ಮುಗಿಯುವುದರೊಳಗೆ ಎಲ್ಲರೂ ಹೇಳಿಬಿಡುತ್ತಾರೆ.